ದೊಡ್ಡಮ್ಮನ ರುಜು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಬಟ್ಟೆ ಹೊಲಿಯುವವರು ಅಲ್ಲಿ ಏಳೆಂಟು ಮಂದಿ ಇದ್ದರು. ಆದರೆ ಅಂಗಿ ಹೊಲಿದು ಮುಗಿಸಿದ ಮೇಲೆ ಕಾಜಾ ತೆಗೆದು ಗುಂಡಿ ಹಾಕುವ ತಾಳ್ಮೆ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಹೀಗಾಗಿ ಎಲ್ಲರ ಅಂಗಿಗಳೂ ಕೊನೆಗೆ ಅವಳ ಮನೆಯ ಮುಂದಿನ ಕೋಣೆಗೇ ಬಂದು ಬೀಳುತ್ತಿದ್ದವು. ಗಂಡ ಲಿಫ್ಟ್ ರಿಪೇರಿ ಮಾಡುವವನು. "ನಾನು ಜನರನ್ನ ಮೇಲಕ್ಕೂ ಕೆಳಕ್ಕೂ ಕಳಿಸ್ತೀನಿ, ಇವಳು ಅವರ ಎದೆಗೆ ಗುಂಡಿ ಹಾಕ್ತಾಳೆ" ಎಂದು ಹೇಳಿ, ಬೇರೆಯವರು ನಗುವ ಮೊದಲು ತಾನೇ ನಗುವ ಆಸಾಮಿ. ಅವರಿಗೆ ಮಕ್ಕಳಿರಲಿಲ್ಲ. ಆ ವಿಷಯವನ್ನು ಇಬ್ಬರೂ ಎಷ್ಟೋ ವರ್ಷಗಳ ಹಿಂದೆಯೇ ಮಾತಾಡಿ ಮುಗಿಸಿ, ಮತ್ತೆ ಎತ್ತಿರಲಿಲ್ಲ.

ಅವಳಿಗಿದ್ದವಳು ಒಬ್ಬಳೇ ತಂಗಿ, ಹನ್ನೊಂದು ವರ್ಷಕ್ಕೆ ಚಿಕ್ಕವಳು. ತಂಗಿ ಆರು ವರ್ಷದ ಹಿಂದೆ ಸಮುದ್ರ ದಾಟಿ ಹೋಗಿ, ಅಲ್ಲಿನ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲೇ ಒಬ್ಬನನ್ನು ನಂಬಿದಳು. ಮಗು ಹುಟ್ಟುವ ಮೊದಲೇ ಅವನು ಹೇಳದೆ ಕೇಳದೆ ಹೋದ. ಮಗುವಿನ ಕಾಗದಪತ್ರಗಳಲ್ಲಿ ಅವನ ಹೆಸರೇ ಇರಲಿಲ್ಲ. "ಇದ್ರೆ ಅಲ್ವಾ ಅಳಿಸಬೇಕು, ಅದೂ ಒಂದು ಕೆಲಸ ಉಳೀತು" ಎಂದು ತಂಗಿ ಫೋನಿನಲ್ಲಿ ನಗುತ್ತಿದ್ದಳು. ಭಾನುವಾರ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡುವುದು, ಮಗಳ ಕೈಗೆ ಫೋನು ಕೊಡುವುದು, ಆ ಮಗು ಏನೂ ಮಾತಾಡದೆ ಬರೀ ಉಸಿರು ಬಿಡುವುದು, ಇದು ಐದು ವರ್ಷದಿಂದ ನಡೆದುಕೊಂಡು ಬಂದಿತ್ತು.

ಒಂದು ಭಾನುವಾರ ಫೋನು ಬರಲಿಲ್ಲ. ಬುಧವಾರ ಬೇರೆ ಯಾರದೋ ದನಿ ಬಂತು. ತಂಗಿಯ ಜೊತೆ ಒಂದೇ ಕೋಣೆಯಲ್ಲಿ ಇದ್ದವಳು, ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಗೆಳತಿ. ತಂಗಿ ಕೆಲಸದಲ್ಲಿದ್ದಾಗಲೇ ತಲೆ ಹಿಡಿದುಕೊಂಡು ಕುಸಿದಳಂತೆ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಯಲ್ಲೇ ಆದರೂ ಉಳಿಸಿಕೊಳ್ಳಲು ಆಗಲಿಲ್ಲ.

ಆಮೇಲಿನ ಐದಾರು ವಾರ ಕಾಜಾ ಅಕ್ಕ ಹೇಗೆ ಕಳೆದಳೋ ಅವಳಿಗೇ ನೆನಪಿಲ್ಲ. ಗಂಡ ಅನ್ನ ಹಾಕಿಕೊಟ್ಟರೆ ಉಣ್ಣುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಅಂಗಿಗಳ ರಾಶಿ ಮೊಣಕಾಲೆತ್ತರ ಬೆಳೆಯಿತು. ಮಗು ಮಾತ್ರ ಗೆಳತಿಯ ಬಳಿ ಸುರಕ್ಷಿತವಾಗಿತ್ತು. ಅಷ್ಟು ಸಮಾಧಾನ.

ಆ ಸಮಾಧಾನವೂ ಒಂದು ಸೋಮವಾರ ಬೆಳಿಗ್ಗೆ ಅಲುಗಾಡಿತು. ಗೆಳತಿಯ ಫೋನು.

"ಅಕ್ಕಾ, ನ್ಯಾಯಾಲಯದಿಂದ ಪತ್ರ ಬಂದಿದೆ. ನಾನು ರಕ್ತಸಂಬಂಧಿ ಅಲ್ಲ, ಮಗು ನನ್ನ ಹತ್ರ ಹೀಗೇ ಇರೋ ಹಾಗಿಲ್ಲ ಅಂತಾರೆ. ಇವತ್ತಿಗೆ ಹದಿನಾರನೇ ದಿನ ವಿಚಾರಣೆ. ಅಷ್ಟರಲ್ಲಿ ನೀವು ನನಗೆ ಅಧಿಕಾರ ಕೊಟ್ಟು ಒಂದು ಕಾಗದ ಕಳಿಸಿದ್ರೆ, ನಿಮ್ಮ ಪರವಾಗಿ ನಾನೇ ನಿಂತು, ಮಗೂನ ನಾನೇ ಕರ್ಕೊಂಡು ಬಂದು ನಿಮ್ಮ ಕೈಗೆ ಒಪ್ಪಿಸ್ತೀನಿ. ಕಾಗದ ಬರದಿದ್ರೆ ಸರ್ಕಾರದ ಅನಾಥಾಲಯಕ್ಕೆ ಕಳಿಸ್ತಾರೆ. ಒಂದ್ಸಲ ಅಲ್ಲಿಗೆ ಹೋದ್ರೆ ಬಿಡಿಸ್ಕೊಳ್ಳೋಕೆ ವರ್ಷಗಳೇ ಬೇಕು."

"ನಾನೇ ಬಂದ್ಬಿಟ್ರೆ?"

"ನಿಮಗೆ ಈ ದೇಶಕ್ಕೆ ಬರೋಕೆ ಅನುಮತಿ ಸಿಗೋಕೇ ಎರಡು ತಿಂಗಳು. ಕಾಗದಾನೇ ದಾರಿ ಅಕ್ಕಾ. ಆದ್ರೆ ಬರೀ ರುಜು ಹಾಕಿ ಕಳಿಸಿದ್ರೆ ಆಗಲ್ಲ. ಎಲ್ಲಾ ಕಡೆ ದೃಢೀಕರಣ ಆಗಿರಬೇಕು."

ಕಾಜಾ ಅಕ್ಕ ಫೋನು ಇಟ್ಟಳು. ಮುಖಕ್ಕೆ ನೀರು ಹಾಕಿಕೊಂಡಳು. ಎಷ್ಟೋ ದಿನಗಳ ಮೇಲೆ ತಲೆ ಬಾಚಿಕೊಂಡಳು. ಗಂಡ ಬಾಗಿಲಲ್ಲಿ ಕೆಲಸಕ್ಕೆ ಹೊರಟು ನಿಂತಿದ್ದ.

"ಮಗು ಇಲ್ಲಿಗೆ ಬರಬೇಕು" ಎಂದಳು. ಅವನನ್ನು ಕೇಳಬೇಕೆಂದು ಅವಳಿಗೆ ಆಮೇಲೆ ಹೊಳೆಯಿತು. "ನೀವು ಏನಂತೀರಾ?"

ಅವನು ಚೀಲವನ್ನು ಕೆಳಗಿಟ್ಟು, "ನಾನು ಹೋದ ವಾರಾನೇ ಒಳಗಿನ ಕೋಣೆ ಕಿಟಕಿಗೆ ಕಂಬಿ ಹಾಕ್ಸೋಕೆ ಹೇಳಿದ್ದೀನಿ. ಮಕ್ಕಳು ಹತ್ತುತ್ವೆ" ಎಂದ.

ನ್ಯಾಯಾಲಯದ ಕಟ್ಟಡದ ಎದುರಿನ ಬೀದಿಯಲ್ಲಿ ತಗಡಿನ ಮಾಡಿನ ಕೆಳಗೆ ಬೆರಳಚ್ಚುಗಾರರು ಸಾಲಾಗಿ ಕೂತಿರುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯನ ಎದುರಿಗಿದ್ದ ಮುಕ್ಕಾಲಿಯ ಮೇಲೆ ಅವಳು ಹೋಗಿ ಕೂತಳು. ಮೂಗಿನ ತುದಿಗೆ ಕನ್ನಡಕ, ಬೆರಳ ತುದಿಗೆ ಮಸಿ. ಅವನು ತಲೆ ಎತ್ತದೆ ಕಾಗದ ಏರಿಸಿದ.

"ಹೇಳಿ ತಾಯಿ. ಮನೇನಾ, ಜಾಗಾನಾ?"

"ಎರಡೂ ಅಲ್ಲ ಸಾರ್. ಮಗು."

ಅವನ ಕೈ ಯಂತ್ರದಿಂದ ಮೇಲೆದ್ದಿತು. ಕನ್ನಡಕದ ಮೇಲಿಂದ ಅವಳನ್ನು ನೋಡಿದ. ಪೂರ್ತಿ ಕೇಳಿದ. ನಡುವೆ ಬಂದ ಇಬ್ಬರು ಗಿರಾಕಿಗಳನ್ನು ಕೈಬೀಸಿ ಪಕ್ಕದವನ ಕಡೆ ಸಾಗಹಾಕಿದ. ಗೆಳತಿ ಕಳಿಸಿದ್ದ ಅಧಿಕಾರ ಪತ್ರದ ಮಾದರಿಯನ್ನು ಎರಡು ಸಲ ಓದಿದ.

"ಮಗುಗೆ ನೀವು ಏನಾಗಬೇಕು?"

"ದೊಡ್ಡಮ್ಮ."

"ಅದೇ ಕಷ್ಟ ನೋಡಿ. ಅವರ ಭಾಷೇಲಿ ದೊಡ್ಡಮ್ಮಂಗೆ ಪದಾನೇ ಇಲ್ಲ. ಅತ್ತೆಗೂ ಅದೇ, ಚಿಕ್ಕಮ್ಮಂಗೂ ಅದೇ, ಮಾವನ ಹೆಂಡತಿಗೂ ಅದೇ. ಎಲ್ಲಾರನ್ನೂ ಒಂದೇ ಗೋಣೀಲಿ ತುಂಬಿಟ್ಟಿದ್ದಾರೆ. 'ಮಗುವಿನ ತಾಯಿಯ ಒಡಹುಟ್ಟಿದ ಅಕ್ಕ' ಅಂತ ಬಿಡಿಸಿ ಹಾಕ್ತೀನಿ. ಅನುಮಾನಕ್ಕೆ ಜಾಗ ಇರಬಾರದು."

ಟಕಟಕನೆ ಬಡಿಯುತ್ತಲೇ ಅವನು ಮುಂದಿನ ದಾರಿ ಹೇಳಿಕೊಟ್ಟ. ಮೊದಲು ನೋಟರಿ. ಆ ನೋಟರಿ ನಿಜವಾದ ನೋಟರಿಯೇ ಎಂದು ಹೇಳಲು ಈ ಊರಿನ ದೃಢೀಕರಣ ಕಚೇರಿ. ಆ ಕಚೇರಿಯ ಮೊಹರು ನಿಜವೆಂದು ಹೇಳಲು ರಾಜಧಾನಿಯಲ್ಲಿ ವಿದೇಶಾಂಗ ಇಲಾಖೆ. ಅವರು ನಿಜವೆಂದು ಹೇಳಲು ಆ ದೇಶದ ದೂತಾವಾಸ.

"ಅಂದ್ರೆ ನಾನು ನಾನೇ ಅಂತ ನಾಲ್ಕು ಜನ ಹೇಳ್ಬೇಕು" ಎಂದಳು ಕಾಜಾ ಅಕ್ಕ.

"ನೀವು ನೀವೇ ಅಂತ ಹೇಳೋನು ಒಬ್ಬನೇ. ಉಳಿದ ಮೂವರು, ಹಿಂದಿನೋನು ಅವನೇ ಅಂತ ಹೇಳ್ತಾರೆ" ಎಂದ ಬೆರಳಚ್ಚುಗಾರ. ತಂಗಿ ಹೋದ ಮೇಲೆ ಅವಳು ಮೊದಲ ಸಲ ನಕ್ಕಳು. ನಕ್ಕದ್ದಕ್ಕೆ ನಾಚಿಕೆಯೂ ಆಯಿತು.

ಅವನು ಎರಡು ಪುಟ ಬೆರಳಚ್ಚು ಮಾಡಿ ಮುಗಿಸಿ, ಒಂದು ಅಕ್ಷರ ಮಸುಕಾಗಿದೆಯೆಂದು ಎರಡನೆಯ ಪುಟವನ್ನು ಪೂರ್ತಿ ಹೊಸದಾಗಿ ಮಾಡಿದ. ನೋಟರಿಯ ಕೋಣೆಗೂ ತಾನೇ ಕರೆದುಕೊಂಡು ಹೋದ. ಅಲ್ಲಿ ರುಜುವಿಗೆ ತೊಂದರೆಯಾಗಲಿಲ್ಲ. ಹೆಬ್ಬೆಟ್ಟು ಮಾತ್ರ ಮೂಡಲೊಲ್ಲದು. ಮೂವತ್ತು ವರ್ಷ ಸೂಜಿ ಒತ್ತಿ ಒತ್ತಿ ಅವಳ ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ನೋಟರಿ ಬೇಸರಿಸಲಿಲ್ಲ. ಒದ್ದೆ ಬಟ್ಟೆ ಕೊಟ್ಟು, ಬಿಸಿ ನೀರು ತರಿಸಿ, ಮೂರನೆಯ ಸಲಕ್ಕೆ ಒಂದು ಗುರುತು ಹಿಡಿದೇಬಿಟ್ಟ.

ಹದಿಮೂರು ದಿನ ಉಳಿದಿತ್ತು. ದೃಢೀಕರಣ ಕಚೇರಿಯ ಕೌಂಟರಿನಲ್ಲಿ ಕೂತಿದ್ದವನು ಇನ್ನೂ ಚಿಕ್ಕ ವಯಸ್ಸಿನ ಗುಮಾಸ್ತ. ಮಾತು ಮೆತ್ತಗೆ, ಕಣ್ಣು ಬಲು ಚುರುಕು. ಅವನು ಅಧಿಕಾರ ಪತ್ರವನ್ನು ಓದಿದ. ಅದರ ಜೊತೆ ಲಗತ್ತಿಸಿದ್ದ ಅಕ್ಕತಂಗಿಯರ ಜನನ ಪ್ರಮಾಣಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. ಆಮೇಲೆ ಎರಡನ್ನೂ ಅವಳ ಕಡೆ ತಿರುಗಿಸಿದ.

"ಅಮ್ಮಾ, ನಿಮ್ಮದರಲ್ಲಿ ತಾಯಿ ಹೆಸರು ಒಂದು, ನಿಮ್ಮ ತಂಗೀದರಲ್ಲಿ ಇನ್ನೊಂದು."

ಅವಳು ಬಗ್ಗಿ ನೋಡಿದಳು. ಅಷ್ಟು ವರ್ಷ ಪೆಟ್ಟಿಗೆಯಲ್ಲಿದ್ದ ಕಾಗದಗಳು, ಯಾರೂ ಜೋಡಿಸಿ ನೋಡಿರಲಿಲ್ಲ. ಅವಳದರಲ್ಲಿ ಅಮ್ಮನ ಉದ್ದದ ಹೆಸರಿತ್ತು. ತಂಗಿಯದರಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಎರಡಕ್ಷರದ ಮುದ್ದಿನ ಹೆಸರು.

"ಎರಡೂ ನಮ್ಮಮ್ಮಾನೇ ಸಾರ್. ಮನೇಲಿ ಹಾಗೆ ಕರೀತಿದ್ರು."

"ನಾನು ನಂಬ್ತೀನಿ. ಆದ್ರೆ ಕಾಗದದ ಪ್ರಕಾರ ನೀವಿಬ್ಬರೂ ಒಂದು ತಾಯಿ ಮಕ್ಕಳಲ್ಲ. ಅಲ್ಲಿ ನ್ಯಾಯಾಲಯದಲ್ಲಿ ಯಾರಾದ್ರೂ ಇದನ್ನೇ ಎತ್ತಿ ಹಿಡಿದ್ರೆ, ಅಷ್ಟು ದೂರದಿಂದ ನೀವೇನು ಉತ್ತರ ಕೊಡ್ತೀರಾ?"

ಅಮ್ಮನಿಗೆ ಕಾಯಿಲೆ ಹೆಚ್ಚಾದಾಗೆಲ್ಲ ಕಂಕುಳಲ್ಲಿ ಹೊತ್ತು ಸಾಕಿದ ತಂಗಿ. ಅವಳ ಅಕ್ಕನಲ್ಲ ನೀನು ಎಂದು ಒಂದು ಕಾಗದ ಹೇಳುತ್ತಿದೆ. ಕೈಯಲ್ಲಿದ್ದ ಚೀಲದ ಹಿಡಿಯನ್ನು ತಿರುಚುತ್ತಾ ನಿಂತಳು.

ಗುಮಾಸ್ತ ಸುತ್ತ ನೋಡಿ, ಒಂದು ಚೀಟಿ ತೆಗೆದು ಬರೆಯತೊಡಗಿದ. "ನಗರಸಭೆಗೆ ಹೋಗಿ. ತಿದ್ದುಪಡಿ ಮಾಡಿಕೊಡಿ ಅಂತ ಕೇಳಬೇಡಿ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಮೂಲ ರಿಜಿಸ್ಟರಿನ ಇಡೀ ಪುಟದ ನಕಲು ಕೊಡಿ ಅಂತ ಕೇಳಿ. ಪ್ರಮಾಣಪತ್ರದಲ್ಲಿ ಬರದೇ ಇರೋ ವಿವರ ಪುಟದಲ್ಲಿ ಇರುತ್ತೆ, ಮನೆ ವಿಳಾಸ, ತಂದೆ ಕಸುಬು. ಎರಡು ಹೆಸರೂ ಒಬ್ಬರದೇ ಅಂತ ತೋರಿಸೋ ಹಾಗೆ ಏನಾದ್ರೂ ಸಿಕ್ಕರೆ ತಂದುಕೊಡಿ. ತಂದ ದಿನಾನೇ ನಾನು ಮೊಹರು ಹಾಕ್ಸಿಕೊಡ್ತೀನಿ, ಸಾಲಲ್ಲಿ ನಿಲ್ಲಬೇಡಿ, ಈ ಕಡೆ ಬಾಗಿಲಿಂದ ಬನ್ನಿ."

ನಗರಸಭೆಯ ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಹಳೆಯ ಕಾಗದದ ಘಾಟು, ಉದ್ದುದ್ದದ ಕಬ್ಬಿಣದ ಕಪಾಟುಗಳು, ಒಂದೇ ಒಂದು ದೀಪ. ಅಲ್ಲಿ ದಾಖಲೆ ನೋಡಿಕೊಳ್ಳುತ್ತಿದ್ದವನನ್ನು ಕಚೇರಿಯಲ್ಲಿ ರಿಜಿಸ್ಟರ್ ತಾತ ಎನ್ನುತ್ತಿದ್ದರು. ವಯಸ್ಸು ಐವತ್ತೆಂಟು. ಧೂಳಿನಿಂದಾಗಿ ತಲೆ ಹುಬ್ಬು ಎರಡೂ ಬೆಳ್ಳಗೆ ಕಾಣುತ್ತಿದ್ದವು, ಅಷ್ಟೇ. ಕಾಜಾ ಅಕ್ಕನ ಕಣ್ಣು ಮೊದಲು ಹೋದದ್ದು ಅವನ ಅಂಗಿಯ ಮೇಲೆ. ಮೇಲಿನಿಂದ ಮೂರನೆಯ ಗುಂಡಿಯ ಜಾಗದಲ್ಲಿ ಕಾಗದ ಸಿಕ್ಕಿಸುವ ತಂತಿ ಪಿನ್ನು ಇತ್ತು.

ಚೀಟಿ ಓದಿ ಅವನು ಮುಖ ಗಂಟು ಹಾಕಿದ. "ಆ ವರ್ಷಾನಾ? ಆ ವರ್ಷದ್ದು ನಾಲ್ಕು ಸಂಪುಟ. ಕಟ್ಟಡ ಬದಲಾಯಿಸುವಾಗ ಯಾರು ಎಲ್ಲಿ ತುರುಕಿದ್ದಾರೋ. ಅರ್ಜಿ ಕೊಟ್ಟು ಹೋಗಿ, ಸಿಕ್ಕಾಗ ಹೇಳಿಕಳಿಸ್ತೀನಿ."

"ನನ್ನ ಹತ್ರ ಹದಿಮೂರು ದಿನ ಇದೆ ಸಾರ್" ಎಂದು ಅವಳು ವಿಷಯ ಹೇಳಿದಳು. ಅತ್ತು ಕರೆದು ಹೇಳಲಿಲ್ಲ. ಎಷ್ಟು ಬೇಕೋ ಅಷ್ಟು ಹೇಳಿದಳು.

ರಿಜಿಸ್ಟರ್ ತಾತ ಚೀಟಿಯನ್ನು ಜೇಬಿಗೆ ಹಾಕಿಕೊಂಡ. ತಲೆಗೆ ಟವೆಲ್ ಸುತ್ತಿಕೊಂಡು ಏಣಿ ಎಳೆದುಕೊಂಡ.

ಮೊದಲ ದಿನ ಮೂರು ಸಂಪುಟ ಸಿಕ್ಕವು. ಮೂರರಲ್ಲೂ ತಂಗಿ ಹುಟ್ಟಿದ ತಿಂಗಳು ಇರಲಿಲ್ಲ. ಎರಡನೆಯ ದಿನ ಏನೂ ಸಿಗಲಿಲ್ಲ. ಅವಳು ಏಣಿಯ ಬುಡದಲ್ಲಿ ಕೂತು, ಅವನು ಇಳಿಸಿಕೊಟ್ಟ ಪುಸ್ತಕಗಳ ಬೆನ್ನು ಒರೆಸಿ, ವರ್ಷ ಓದಿ ಹೇಳುತ್ತಿದ್ದಳು. ಸುಮ್ಮನೆ ಕೂತಾಗೆಲ್ಲ ಆ ಪಿನ್ನು ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಕೊನೆಗೆ ತಡೆಯಲಾರದೆ, "ಸಾರ್, ಸೂಜಿ ದಾರ ಚೀಲದಲ್ಲೇ ಇದೆ, ಎರಡು ನಿಮಿಷ ಕೊಡಿ, ಗುಂಡಿ ಹಾಕಿಬಿಡ್ತೀನಿ" ಎಂದಳು.

"ಛೆ ಛೆ! ಕೆಲಸ ಬಾಕಿ ಇರುವಾಗ ಗುಂಡಿ ಹಾಕಿಸಿಕೊಂಡ್ರೆ ಅದು ಲಂಚ ಆಗುತ್ತೆ ತಾಯಿ. ಈ ವಯಸ್ಸಲ್ಲಿ ಒಂದು ಗುಂಡಿಗೋಸ್ಕರ ನನ್ನ ಹೆಸರು ಕೆಡಿಸಬೇಡಿ."

ಮೂರನೆಯ ದಿನ ಮಧ್ಯಾಹ್ನ ಅವನು ಕಪಾಟಿನ ಹಿಂದಿನಿಂದ ಕೂಗಿದ. ನಾಲ್ಕನೆಯ ಸಂಪುಟವನ್ನು ಯಾರೋ ಮರಣದ ರಿಜಿಸ್ಟರಿನ ಜೊತೆ ಸೇರಿಸಿ ಒಂದೇ ರಟ್ಟಿನಲ್ಲಿ ಹೊಲಿದುಬಿಟ್ಟಿದ್ದರು. ಅವನು ಅದನ್ನು ಎದೆಗವಚಿಕೊಂಡು ತಂದು ದೀಪದ ಕೆಳಗೆ ಇಟ್ಟ. ಅಂಚು ನೀರು ಕುಡಿದು ಕಂದಿದ್ದ ಪುಟಗಳನ್ನು ಒಂದೊಂದಾಗಿ ತಿರುವಿದ. ತಾರೀಖು ಸಿಕ್ಕಿತು. ತಂದೆಯ ಹೆಸರು ಸಿಕ್ಕಿತು. ತಾಯಿಯ ಹೆಸರಿನ ಜಾಗದಲ್ಲಿ ಅದೇ ಎರಡಕ್ಷರ. ಅಷ್ಟಾದ ಮೇಲೆ ಅವನ ಬೆರಳು ಪುಟದ ಕೊನೆಯ ಅಂಕಣಕ್ಕೆ ಹೋಗಿ ನಿಂತಿತು.

"ಇದೇನಿದು! ತಾಯಿ, ಇಲ್ಲಿ ನೋಡಿ."

'ಮಾಹಿತಿ ಕೊಟ್ಟವರು' ಎಂಬ ಅಂಕಣ. ಅದರ ಕೆಳಗೆ ಗುಮಾಸ್ತನ ಅಕ್ಷರದಲ್ಲಿ 'ಮಗುವಿನ ಅಕ್ಕ, ವಯಸ್ಸು ಹನ್ನೊಂದು, ತಂದೆ ಊರಲ್ಲಿಲ್ಲ, ತಾಯಿ ಹಾಸಿಗೆ ಹಿಡಿದಿದ್ದಾರೆ' ಎಂದಿತ್ತು. ಅದರ ಪಕ್ಕದಲ್ಲಿ ಶಾಲೆಯ ಕಾಪಿ ಪುಸ್ತಕದಲ್ಲಿ ಬರೆದ ಹಾಗೆ, ಗೆರೆಯ ಮೇಲೆ ಕೂರಿಸಿ ಕೂರಿಸಿ ಬರೆದ ಒಂದು ರುಜು.

ಅವಳದೇ ರುಜು.

ಕಾಜಾ ಅಕ್ಕ ಎದ್ದು ನಿಂತಳು, ಮತ್ತೆ ಕೂತಳು. ಮೂವತ್ತೈದು ವರ್ಷ ಪೂರ್ತಿಯಾಗಿ ಮರೆತೇಹೋಗಿದ್ದ ಒಂದು ಬೆಳಗು ಈಗ ಕಣ್ಣ ಮುಂದೆ ಬಂತು. ಅಪ್ಪ ಕೆಲಸಕ್ಕೆಂದು ದೂರದ ಊರಿಗೆ ಹೋಗಿದ್ದರು. ಹೆರಿಗೆಯಾದ ಮೇಲೆ ಅಮ್ಮನಿಗೆ ಜ್ವರ ಬಿಟ್ಟಿರಲಿಲ್ಲ. ಸೂಲಗಿತ್ತಿ, "ಇಷ್ಟು ದಿನದೊಳಗೆ ಮಗು ಹೆಸರು ಬರೆಸಬೇಕು, ಇಲ್ಲಾಂದ್ರೆ ಮುಂದೆ ತೊಂದರೆ" ಎಂದು ಹೇಳಿಹೋಗಿದ್ದಳು. ಅವಳು ಶಾಲೆಗೆ ಹೋಗದೆ, ಯಾರಿಗೂ ಹೇಳದೆ, ಎತ್ತರದ ಕೌಂಟರಿನ ಮುಂದೆ ತುದಿಗಾಲಿನಲ್ಲಿ ನಿಂತು, "ನಮ್ಮ ಮನೇಲಿ ತಂಗಿ ಹುಟ್ಟಿದ್ದಾಳೆ, ಬರ್ಕೊಳ್ಳಿ" ಎಂದಿದ್ದಳು. ಕೌಂಟರಿನ ಆಚೆಯಿದ್ದವನು ನಕ್ಕು, ಅವಳನ್ನು ಒಳಗೆ ಕರೆದು, ಮುಕ್ಕಾಲಿಯ ಮೇಲೆ ನಿಲ್ಲಿಸಿ ರುಜು ಹಾಕಿಸಿದ್ದ. ಅಮ್ಮನ ಹೆಸರೇನು ಎಂದು ಅವನು ಕೇಳಿದಾಗ, ಮನೆಯಲ್ಲಿ ಅಜ್ಜಿ ಕರೆಯುತ್ತಿದ್ದ ಹೆಸರನ್ನೇ ಹೇಳಿದ್ದಳು. ಅಮ್ಮನಿಗೆ ಬೇರೆ ಉದ್ದದ ಹೆಸರಿದೆ ಎಂಬುದು ಅವಳಿಗೆ ಆಗ ಗೊತ್ತೇ ಇರಲಿಲ್ಲ.

"ತಪ್ಪು ಮಾಡಿದೋಳು ನಾನೇ ಸಾರ್" ಎಂದಳು. ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು.

"ತಪ್ಪು ಅಂತ ಯಾಕೆ ಅಂತೀರಾ? ನೀವು ಅವತ್ತು ಬಂದು ರುಜು ಹಾಕದೇ ಇದ್ದಿದ್ರೆ ಇವತ್ತು ನೀವು ಅಕ್ಕ ಅಂತ ಹೇಳೋಕೆ ಇಡೀ ಊರಲ್ಲಿ ಒಂದು ಕಾಗದ ಇರ್ತಿರಲಿಲ್ಲ" ಎಂದ ರಿಜಿಸ್ಟರ್ ತಾತ. ಒಂದು ಬಿಳಿ ಹಾಳೆ ಮುಂದಿಟ್ಟು, "ಈಗ ಒಂದು ರುಜು ಹಾಕಿ ನೋಡೋಣ" ಎಂದ. ಹಾಕಿದಳು. ಮೊದಲ ಅಕ್ಷರದ ಕೊಂಬು ಹನ್ನೊಂದರ ವಯಸ್ಸಿನಲ್ಲಿ ಹೇಗೆ ಅತಿಯಾಗಿ ಸುತ್ತಿಕೊಂಡಿತ್ತೋ ಈಗಲೂ ಹಾಗೇ ಸುತ್ತಿಕೊಂಡಿತು.

ಆ ಸಂಜೆಯೊಳಗೆ ಅವನು ಇಡೀ ಪುಟದ ನಕಲು ತೆಗೆಸಿ, ಮನೆಗೆ ಹೊರಟಿದ್ದ ತನ್ನ ಮೇಲಧಿಕಾರಿಯನ್ನು ಮೆಟ್ಟಿಲ ಬಳಿ ತಡೆದು ರುಜು ಮಾಡಿಸಿ, ಮೊಹರು ಹೊಡೆದು ಕೊಟ್ಟ. ಕೊಟ್ಟವನೇ ಎದೆ ಮುಂದೆ ಮಾಡಿ ನಿಂತ. "ಕೆಲಸ ಮುಗೀತು. ಈಗ ಗುಂಡಿ ಹಾಕಬಹುದು. ಈಗ ಹಾಕಿದ್ರೆ ಲಂಚ ಅಲ್ಲ."

ಅವಳು ನಾಲ್ಕೂ ತೂತಿಗೆ ಎರಡೆರಡು ಸಲ ದಾರ ಹಾಯಿಸಿ ಗುಂಡಿ ಹಾಕಿದಳು.

ದೃಢೀಕರಣ ಕಚೇರಿಯ ಗುಮಾಸ್ತ ಮಾತಿಗೆ ತಪ್ಪಲಿಲ್ಲ. ಮರುದಿನ ಆ ಪುಟವನ್ನು ಓದಿ, ಕೊನೆಯ ಅಂಕಣಕ್ಕೆ ಬಂದಾಗ ಕುರ್ಚಿಯಿಂದ ಎದ್ದು ಒಳಗೆ ಹೋಗಿ ತನ್ನ ಸಹೋದ್ಯೋಗಿಗಳಿಗೆಲ್ಲ ತೋರಿಸಿಕೊಂಡು ಬಂದ. ಊಟದ ಹೊತ್ತಿಗೆ ಮೊಹರು ಬಿತ್ತು.

ಒಂಬತ್ತು ದಿನ ಉಳಿದಾಗ ಗಂಡ ಹೆಂಡತಿ ಇಬ್ಬರೂ ಬೆಳಗಿನ ರೈಲು ಹತ್ತಿ ರಾಜಧಾನಿಗೆ ಹೋದರು. ವಿದೇಶಾಂಗ ಇಲಾಖೆಯಲ್ಲಿ ಕಾಗದ ಒಳಗೆ ಹೋಗಿ ಹೊರಬರಲು ಎರಡು ದಿನ ಹಿಡಿಯಿತು. ಅದಕ್ಕೆ ರುಜು ಹಾಕಿದವರು ಒಬ್ಬ ಹೆಂಗಸು, ಆ ಹುದ್ದೆಗೆ ಬಂದು ಮೂರು ವಾರವಾಗಿದ್ದ ಅಧಿಕಾರಿ. ಮೂರನೆಯ ದಿನ ಹನ್ನೊಂದೂವರೆಗೆ ದೂತಾವಾಸದ ಕಿಟಕಿ ತೆರೆದಾಗ ಇವರದೇ ಮೊದಲ ಪಾಳಿ. ಇನ್ನೇನು ಮುಗಿಯಿತು ಎಂದು ಗಂಡ ಆಗಲೇ ಹಿಂದಿರುಗುವ ರೈಲಿನ ಸಮಯ ನೋಡುತ್ತಿದ್ದ.

ಕಿಟಕಿಯ ಆಚೆಯಿದ್ದವನು ಒಂದು ದಪ್ಪ ಪುಸ್ತಕ ತೆಗೆದು, ಹಾಳೆ ಮಗುಚಿ ನೋಡಿ, ತಲೆ ಆಡಿಸಿದ.

"ಈ ಅಧಿಕಾರಿಯ ರುಜು ನಮ್ಮ ಪುಸ್ತಕದಲ್ಲಿ ಇಲ್ಲ. ಹೊಸಬರು ಇರಬೇಕು. ಮಾದರಿ ರುಜು ಇಲಾಖೆಯಿಂದ ಅಧಿಕೃತವಾಗಿ ಬರಬೇಕು. ಬಂದ ಮೇಲೆ ಕಾಗದ ತನ್ನಿ."

"ಅದು ಬರೋಕೆ ಎಷ್ಟು ದಿನ ಆಗುತ್ತೆ ಸಾರ್?"

"ಅಂಚೆ ದಾರಿ. ಎಂಟು ದಿನ, ಹತ್ತು ದಿನ."

ಉಳಿದಿದ್ದದ್ದು ಆರು ದಿನ. ಅದರಲ್ಲಿ ಕಾಗದ ಸಮುದ್ರ ದಾಟಲು ನಾಲ್ಕು ದಿನ ಬೇಕು. ಕಾಜಾ ಅಕ್ಕ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಕೂತಳು. ಗಂಡ ಮಾತ್ರ, "ನಿಂತ ಲಿಫ್ಟು ಅಂದ್ರೆ ಕೆಟ್ಟ ಲಿಫ್ಟು ಅಂತ ಅಲ್ಲ ಕಣೇ. ಎಲ್ಲೋ ಒಂದು ತಂತಿ ಬಿಟ್ಟಿರುತ್ತೆ. ನಡಿ, ಆಯಮ್ಮನ್ನೇ ಕೇಳೋಣ" ಎಂದು ಅವಳ ತೋಳು ಹಿಡಿದು ಎಬ್ಬಿಸಿದ.

ಎರಡು ಬೀದಿ ದಾಟಿ ಮತ್ತೆ ವಿದೇಶಾಂಗ ಇಲಾಖೆಗೆ ಹೋಗುವಷ್ಟರಲ್ಲಿ ಅಲ್ಲಿ ಊಟದ ಬಿಡುವು. ಅಧಿಕಾರಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಆಕೆ ಆಗಷ್ಟೇ ಊಟದ ಡಬ್ಬಿ ಬಿಚ್ಚಿ, ಮೊದಲ ತುತ್ತು ಕೈಯಲ್ಲಿ ಹಿಡಿದಿದ್ದರು. ಕಾಜಾ ಅಕ್ಕ ಬಾಗಿಲಲ್ಲೇ ನಿಂತು, ಕ್ಷಮೆ ಕೇಳುತ್ತಾ, ದೂತಾವಾಸದಲ್ಲಿ ಹೇಳಿದ ಮಾತನ್ನು ಹಾಗೇ ಒಪ್ಪಿಸಿದಳು.

ಆಕೆ ತುತ್ತನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ಅವರ ಕಿಟಕಿ ಎಷ್ಟು ಗಂಟೆವರೆಗೆ ಇರುತ್ತೆ?"

"ಒಂದು ಗಂಟೆವರೆಗೆ ಅಂತೆ ಮೇಡಂ."

ಗೋಡೆಯ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಆಕೆ ಇಲಾಖೆಯ ಹೆಸರಿದ್ದ ಹಾಳೆಯೊಂದರ ಮೇಲೆ ನಾಲ್ಕು ಸಾಲು ಬರೆದು, ಪಕ್ಕದ ಕೋಣೆಯ ಹಿರಿಯ ಅಧಿಕಾರಿಯ ರುಜು ಹಾಕಿಸಿ, ಮೊಹರು ಒತ್ತಿ, ಗುರುತಿನ ಚೀಟಿ ಕುತ್ತಿಗೆಗೆ ಹಾಕಿಕೊಂಡು, "ನಡೀರಿ" ಎಂದರು.

"ಎಲ್ಲಿಗೆ ಮೇಡಂ?"

"ಅವರಿಗೆ ನನ್ನ ರುಜು ಬೇಕು ತಾನೆ? ಅಂಚೇಲಿ ಹೋಗೋದಕ್ಕಿಂತ ನಾನೇ ಬೇಗ ಹೋಗ್ತೀನಿ."

ಬಿಸಿಲಿನಲ್ಲಿ ಮೂವರೂ ದಾಪುಗಾಲು ಹಾಕಿದರು. ಆಕೆ ಎಷ್ಟು ಬೇಗ ನಡೆದರೆಂದರೆ ಲಿಫ್ಟಿನ ಕೆಲಸದವನು ಏದುಸಿರು ಬಿಟ್ಟ. ದೂತಾವಾಸದ ಕಿಟಕಿಯವನು ಆಗಲೇ ಪರದೆ ಎಳೆಯುತ್ತಿದ್ದ. ಇಲಾಖೆಯ ಅಧಿಕಾರಿ ಖುದ್ದು ಬಂದು ನಿಂತದ್ದನ್ನು ಕಂಡು ಅವನ ಕೈ ಪರದೆಯ ಮೇಲೇ ನಿಂತಿತು. ಪತ್ರ ಓದಿದ. ದಪ್ಪ ಪುಸ್ತಕದ ಖಾಲಿ ಹಾಳೆಯನ್ನು ಕಿಟಕಿಯ ಕೆಳಗಿನಿಂದ ಹೊರಗೆ ಜಾರಿಸಿದ. ಆಕೆ ಮೂರು ಸಲ ರುಜು ಹಾಕಿದರು.

"ಹದಿನೆಂಟು ವರ್ಷದಿಂದ ಇಲ್ಲಿ ಕೂತಿದ್ದೀನಿ. ಅಧಿಕಾರಿಗಳು ನಡ್ಕೊಂಡು ಬಂದದ್ದು ಇದೇ ಮೊದಲು" ಎಂದ ಅವನು.

"ನಾನು ಹೊಸಬಳು. ಇಲ್ಲಿ ಏನೇನು ಮಾಡಬಾರದು ಅಂತ ಇನ್ನೂ ಗೊತ್ತಿಲ್ಲ" ಎಂದರು ಆಕೆ.

ಒಂದು ಗಂಟೆ ದಾಟಿ ಹತ್ತು ನಿಮಿಷಕ್ಕೆ ಕೊನೆಯ ಮೊಹರು ಬಿತ್ತು. ಕಾಗದದ ಹಿಂಬದಿಯಲ್ಲಿ ಈಗ ಬೆರಳಿಡಲು ಜಾಗವಿರಲಿಲ್ಲ. ಕಾಜಾ ಅಕ್ಕ ಕಾಲಿಗೆರಗಲು ಬಗ್ಗಿದಳು. ಆಕೆ ಎರಡು ಹೆಜ್ಜೆ ಹಿಂದೆ ಸರಿದು, "ಅದೆಲ್ಲ ಬೇಡ. ಮಗು ಬಂದ ಮೇಲೆ ಒಂದು ಸಾಲು ಬರೆದು ಹಾಕಿ, ಅಷ್ಟು ಸಾಕು. ನನ್ನ ಊಟ ಅಲ್ಲೇ ಇದೆ" ಎಂದು ಬಂದಷ್ಟೇ ಬೇಗ ಹೊರಟುಹೋದರು.

ಕಾಗದ ವಿಚಾರಣೆಯ ಹಿಂದಿನ ದಿನ ಗೆಳತಿಯ ಕೈ ಸೇರಿತು. ಮರುದಿನ ಇಲ್ಲಿ ಸಂಜೆ ನಾಲ್ಕಕ್ಕೆ ಫೋನು ಬಂದಾಗ ಕಾಜಾ ಅಕ್ಕನಿಗೆ ಮೊದಲು ಕೇಳಿಸಿದ್ದು ಮಾತಲ್ಲ, ಬಿಕ್ಕು.

"ಒಪ್ಪಿದ್ರು ಅಕ್ಕಾ. ಒಪ್ಪಿದ್ರು. ನ್ಯಾಯಾಧೀಶರು ಆ ಹಳೇ ಪುಟ ಓದಿಸಿ ಕೇಳಿದ್ರು. 'ಹನ್ನೊಂದು ವರ್ಷದ ಹುಡುಗಿ ಒಬ್ಬಳೇ ಹೋಗಿ ಇದನ್ನ ಮಾಡಿದ್ದಾಳಾ' ಅಂತ ಎರಡು ಸಲ ಕೇಳಿದ್ರು. ಆಮೇಲೆ ಇನ್ನೇನೂ ಕೇಳಲಿಲ್ಲ."

ಕಾಜಾ ಅಕ್ಕ ಫೋನು ಕಿವಿಗೆ ಹಿಡಿದುಕೊಂಡೇ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು.

ಮಗುವಿನ ಪ್ರಯಾಣದ ಕಾಗದಗಳು ತಯಾರಾಗಲು ಇನ್ನೂ ಐದು ವಾರ ಬೇಕಾಯಿತು. ಆ ಐದು ವಾರದಲ್ಲಿ ಅವಳು ಒಬ್ಬೊಬ್ಬರ ಬಳಿಗೂ ಹೋಗಿಬಂದಳು. ಗುಮಾಸ್ತ ನಾಚಿಕೊಂಡು, "ನಾನೇನು ಮಾಡಿದೆ, ಒಂದು ಚೀಟಿ ಬರೆದೆ" ಎಂದ. ರಿಜಿಸ್ಟರ್ ತಾತ ಆ ಸಂಪುಟವನ್ನು ಮರಣದ ರಿಜಿಸ್ಟರಿನಿಂದ ಬಿಡಿಸಿ, ಬೇರೆ ರಟ್ಟು ಹಾಕಿಸಿ ಇಟ್ಟಿದ್ದ. ಬೆರಳಚ್ಚುಗಾರ ಮಾತ್ರ ಮುಂದಿನ ಕಾಗದವನ್ನು ಯಂತ್ರಕ್ಕೆ ಏರಿಸದೆ ಪಕ್ಕಕ್ಕಿಟ್ಟ.

"ನಲವತ್ತು ವರ್ಷದಿಂದ ಬಡೀತಿದ್ದೀನಿ ತಾಯಿ. ಕಾಗದ ಹೋಗುತ್ತೆ. ಅದು ಎಲ್ಲಿ ಮುಟ್ಟಿತು, ಏನಾಯ್ತು, ಯಾರೂ ವಾಪಸ್ ಬಂದು ಹೇಳಲ್ಲ. ನೀವು ಬಂದು ಹೇಳಿದ್ರಿ" ಎಂದು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಅವನು ಎಷ್ಟು ಹೊತ್ತು ಒರೆಸಿದನೆಂದರೆ ಅವಳೇ ಎದ್ದು ಬರಬೇಕಾಯಿತು.

ಒಂದು ಶುಕ್ರವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನಿಂದ ಗೆಳತಿ ಹೊರಬಂದಳು. ಫೋನಿನ ದನಿ ಕೇಳಿ ತೆಳ್ಳಗಿನ ಹುಡುಗಿಯೆಂದು ಕಾಜಾ ಅಕ್ಕ ಎಣಿಸಿದ್ದಳು. ಬಂದವಳು ದೊಡ್ಡ ತೋಳಿನ, ಅಗಲ ಹೆಗಲಿನ, ಬಾಣಲೆ ಎತ್ತಿ ಇಳಿಸಿ ಗಟ್ಟಿಯಾದ ಹೆಂಗಸು. ವರ್ಷದ ರಜೆಯನ್ನೆಲ್ಲ ಇದೊಂದಕ್ಕೇ ಬಳಸಿ ಬಂದಿದ್ದಳು. ಅವಳ ಕೋಟಿನ ಅಂಚು ಹಿಡಿದುಕೊಂಡು ಒಂದು ಮಗು. ತಂಗಿಯದೇ ಹಣೆ, ತಂಗಿಯದೇ ಕಿವಿ.

ಮಗು ಓಡಿಬರಲಿಲ್ಲ. ಕಾಜಾ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, ಗೆಳತಿಯನ್ನು ಕೇಳಿತು. "ಗುಂಡಿ ದೊಡ್ಡಮ್ಮ ಇವರೇನಾ?"

"ಅವರೇ ಕಣೇ. ಅವರನ್ನೇ ಕೇಳು."

"ಹೌದು, ನಾನೇ" ಎಂದು ಕಾಜಾ ಅಕ್ಕ ಮಂಡಿಯೂರಿ ಕೂತಳು. ಅಪ್ಪಿಕೊಳ್ಳಲು ಕೈ ತವಕಿಸುತ್ತಿದ್ದರೂ ತಡೆದುಕೊಂಡಳು. ಮಗು ಬಹಳ ಯೋಚಿಸಿ, ಕೋಟಿನ ಅಂಚನ್ನು ಬಿಡದೆಯೇ, ಇನ್ನೊಂದು ಕೈಯನ್ನು ಅವಳ ಕಡೆ ಚಾಚಿತು. ಗಂಡ ಅತ್ತ ತಿರುಗಿ, ಹೋಗಿಬರುವ ವಾಹನಗಳನ್ನು ಭಾರಿ ಗಮನವಿಟ್ಟು ನೋಡುವವನಂತೆ ನಿಂತ.

ಮನೆಗೆ ಬಂದು ಊಟ ಮುಗಿಸುವಷ್ಟರಲ್ಲಿ ಗೆಳತಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಎರಡು ತಿಂಗಳಿಗೂ ಮಿಕ್ಕಿ ಅವಳು ಬೆಳಿಗ್ಗೆ ಅಡುಗೆಮನೆ, ಮಧ್ಯಾಹ್ನ ಕಚೇರಿ ಕಚೇರಿ ಅಲೆದಾಟ, ಉಳಿದ ಹೊತ್ತು ಮಗು ಎಂದು ಕಾಲಿಗೆ ಚಕ್ರ ಕಟ್ಟಿಕೊಂಡು ಓಡಿದ್ದಳು. ಕಾಜಾ ಅಕ್ಕ ಒಳಗಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟು, "ನಿನ್ನ ಋಣ ನಾನು ಯಾವ ಜನ್ಮಕ್ಕೆ ತೀರಿಸ್ಲಿ..." ಎಂದು ಶುರುಮಾಡಿದಳು. ಅವಳ ವಾಕ್ಯ ಮುಗಿಯುವ ಮೊದಲೇ ಗೆಳತಿ ನಿದ್ದೆ ಹೋಗಿದ್ದಳು.

ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಕಾಜಾ ಅಕ್ಕ ಹೊಲಿಗೆ ಯಂತ್ರ ಮುಟ್ಟಲಿಲ್ಲ, ಕೈಯಲ್ಲೇ ಕೆಲಸ ಹಿಡಿದು ಕೂತಳು. ಗಂಡ ಚಪ್ಪಲಿ ಕೈಯಲ್ಲಿ ಹಿಡಿದು ಬೆಕ್ಕಿನ ಹಾಗೆ ಓಡಾಡಿದ. ನಾಲ್ಕು ಗಂಟೆಗೆ ಎದುರು ಮನೆಯ ದರ್ಜಿ ಅಂಗಿಗಳ ಗಂಟು ಹೊತ್ತು ಬಾಗಿಲಿಗೆ ಬಂದು, "ಕಾಜಾ ಅಕ್ಕಾ!" ಎಂದು ಎಂದಿನಂತೆ ದನಿ ಎತ್ತಿದ.

ಹೊಸ್ತಿಲ ಮೇಲೆ ಕೂತಿದ್ದ ಮಗು ತಟ್ಟನೆ ಎದ್ದು, ತುಟಿಯ ಮೇಲೆ ಬೆರಳಿಟ್ಟು, ಹುಬ್ಬು ಗಂಟಿಕ್ಕಿ ಅವನನ್ನು ನೋಡಿತು.

"ಶ್! ಆಂಟಿ ಮಲಗಿದ್ದಾರೆ" ಎಂದಿತು. ಅಷ್ಟೆತ್ತರದ ಮನುಷ್ಯ ತಪ್ಪು ಮಾಡಿದವನಂತೆ ಗಂಟನ್ನು ಮೆಲ್ಲಗೆ ನೆಲಕ್ಕಿಳಿಸಿ, ತುದಿಗಾಲಿನಲ್ಲಿ ಹಿಂದಕ್ಕೆ ಹೋದ.